ಎಡಗೈಯಲ್ಲಿ ಉಂಡ ರಾಜ

೧೨ ಜುಲೈ ೧೯೩೮, ಮಂಗಳವಾರ

ನಿನ್ನೆ ನಮ್ಮವರ ವರ್ಷಾಂತಿಕ ಮುಗಿಯಿತು. ಬಂದವರು ಉಂಡು, ಕೈತೊಳೆದು, ಎಲೆ ಅಡಿಕೆ ಹಾಕಿಕೊಂಡು ಹೋದರು. ವಡೆ ಚೆನ್ನಾಗಿ ಆಗಿವೆ ಎಂದು ಭಟ್ಟರೊಬ್ಬರು ಎರಡು ಸಲ ಹೇಳಿದ್ದು ಅಡುಗೆಮನೆಗೆ ಕೇಳಿಸಿತು. ನಿಜವಾಗಿಯೂ ಚೆನ್ನಾಗಿ ಆಗಿದ್ದವು. ಅದರ ಹೊರತು ನನಗೆ ಬೇರೇನೂ ಅನ್ನಿಸಲಿಲ್ಲ. ವರ್ಷದಿಂದ ಹೀಗೇ ಇದೆ. ಬಂದ ಹೆಂಗಸರು ನನ್ನ ಮುಖ ನೋಡಿ ಅಳುತ್ತಾರೆ, ನಾನು ಎದ್ದುಹೋಗಿ ಅವರಿಗೆ ಕುಡಿಯಲು ನೀರು ತರುತ್ತೇನೆ.

ಎಲ್ಲರೂ ಹೋದ ಮೇಲೆ ಮೈದುನ ಪಂಢರಿನಾಥ ಪಡಸಾಲೆಯಲ್ಲಿ ಕೂತು ಮಾತು ತೆಗೆದ. ಅವನಿಗೆ ಹುಬ್ಬಳ್ಳಿಯಲ್ಲಿ ರೇಲ್ವೆ ಕಚೇರಿಯ ನೌಕರಿ.

"ವೈನಿ, ಇನ್ನ ಧಾರವಾಡದಾಗ ಒಬ್ಬರ ಹ್ಯಾಂಗ ಇರ್ತೀರಿ? ದಸರಾದ ಹೊತ್ತಿಗೆ ಈ ಮನಿ ಬಿಟ್ಟು ನಮ್ಮ ಕಡೆ ಬಂದುಬಿಡ್ರಿ."

"ಪುಸ್ತಕ?" ಎಂದೆ.

"ನಮ್ಮದು ಎರಡ ಖೋಲಿ ಮನಿ. ಅಷ್ಟೆಲ್ಲಾ ಎಲ್ಲೆ ಇಡೋಣ ಹೇಳ್ರಿ. ಅಣ್ಣಾ ಬರದದ್ದನ್ನ ಲಕ್ಕಪ್ಪನವರು ಛಾಪಿಸಿದರ ಛಲೋನ ಆತು. ಉಳದದ್ದಕ್ಕ ರದ್ದಿಯವಗ ಹೇಳತೀನಿ."

ಅವನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವನು ಹೇಳಿದ್ದರಲ್ಲಿ ತಪ್ಪೂ ಇಲ್ಲ.

ಲಕ್ಕಪ್ಪನವರು ಹುಬ್ಬಳ್ಳಿಯ ಮುದ್ರಣಾಲಯದವರು. ನಮ್ಮವರು ಬದುಕಿದ್ದಾಗಲೇ, ಸಿನೆಮಾದ ಚರಿತ್ರೆಯನ್ನು ಕನ್ನಡದಲ್ಲಿ ಬರೆದುಕೊಟ್ಟರೆ ಅಚ್ಚು ಹಾಕುತ್ತೇನೆ ಎಂದು ಒಪ್ಪಿದ್ದರು. ನಮ್ಮವರು ಇಂಗ್ಲಿಷ್ ಪುಸ್ತಕ ತರಿಸಿ, ಓದಿ, ಎಂಟು ವರ್ಷ ಬರೆದರು. ಆರು ಅಧ್ಯಾಯ ಮುಗಿದಿವೆ. ಏಳನೆಯದಕ್ಕೆ 'ನಮ್ಮ ಕಡೆಗೆ ಬಂದ ಚಿತ್ರಗಳು' ಎಂಬ ತಲೆಬರಹವಿದೆ, ಕೆಳಗೆ ಅರ್ಧ ಪುಟ ಟಿಪ್ಪಣಿ ಇದೆ. ಅಷ್ಟಕ್ಕೆ ವಿಷಮಜ್ವರ ಬಂತು.

ಈ ದಿನಚರಿಯೂ ಅವರದೇ. ಹೋದ ವರ್ಷದ್ದು, ಜುಲೈಯಿಂದ ಮುಂದೆ ಖಾಲಿ. ವಾರಗಳು ಹೊಂದುವುದಿಲ್ಲವಾದ್ದರಿಂದ ಹೊಡೆದುಹಾಕಿ ಬರೆಯುತ್ತಿದ್ದೇನೆ. ಹಾಳೆ ಯಾಕೆ ಹಾಳಾಗಬೇಕು.

೧೫ ಜುಲೈ, ಶುಕ್ರವಾರ

ಕಪಾಟು ಒರೆಸಿದೆ. ಮೊದಲ ಅಧ್ಯಾಯ ತೆಗೆದು ಓದಿದೆ. ಅಕ್ಷರ ನನ್ನದು, ಮಾತು ಅವರದು. ಅವರ ಬರಹ ಕೋಳಿ ಕೆದರಿದ ಹಾಗೆ ಇದ್ದದ್ದರಿಂದ ಎಲ್ಲವನ್ನೂ ನಾನೇ ದುಂಡಗೆ ನಕಲು ಮಾಡಿಕೊಡುತ್ತಿದ್ದೆ.

ಫ್ರಾನ್ಸಿನ ಅಣ್ಣತಮ್ಮಂದಿರು ಮೊದಲು ತೋರಿಸಿದ ಚಿತ್ರಗಳು ಒಂದೊಂದು ನಿಮಿಷದವು. ಕಾರಖಾನೆಯಿಂದ ಹೊರಗೆ ಬರುವ ಜನ, ನಿಲ್ದಾಣಕ್ಕೆ ಬರುವ ರೈಲು. ವರ್ಷ ತುಂಬುವುದರೊಳಗೆ ಅವು ಮುಂಬಯಿಗೂ ಬಂದವು. ಆಮೇಲೆ ಜಾದೂಗಾರನೊಬ್ಬ ಚಿತ್ರದಲ್ಲಿ ಮನುಷ್ಯರನ್ನು ಮಾಯ ಮಾಡುವುದನ್ನು ಕಲಿತ. ಬೆಳಕಿನ ಯಂತ್ರ ಪ್ರೇಕ್ಷಕರ ಬೆನ್ನ ಹಿಂದೆ ಇರುತ್ತದೆ ಎಂದು ಒಂದು ಕಡೆ ಬರೆದಿದ್ದಾರೆ. ಇದನ್ನೆಲ್ಲ ಅಡುಗೆ ಮುಗಿಸಿ ಮಧ್ಯಾಹ್ನದ ಹೊತ್ತು ನಕಲು ಮಾಡಿದ್ದು ನೆನಪಿದೆ. ಸಂಡಿಗೆ ಹಾಕುವಷ್ಟೇ ಶ್ರದ್ಧೆಯಿಂದ ಮಾಡಿದ್ದೆ.

ಸಿನೆಮಾದ ಚರಿತ್ರೆಯನ್ನು ಎರಡು ಸಲ ನಕಲು ಮಾಡಿದ ನಾನು ಜೀವಮಾನದಲ್ಲಿ ನೋಡಿದ್ದು ಒಂದೇ ಸಿನೆಮಾ.

೨೩ ಜುಲೈ, ಶನಿವಾರ

ಜಿಟಿಜಿಟಿ ಮಳೆ. ಅನ್ನ ಸಾರು ಮಾಡಿದೆ. ಉಂಡೆ.

೨೮ ಜುಲೈ, ಗುರುವಾರ

ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿ ಲಕ್ಕಪ್ಪನವರನ್ನು ಕಂಡೆ. ಕುಂಕುಮವಿಲ್ಲದ ಹೆಂಗಸು ಒಬ್ಬಳೇ ಬಂದು ನಿಂತದ್ದನ್ನು ನೋಡಿ ಆ ಮನುಷ್ಯ ತಬ್ಬಿಬ್ಬಾದರು. ಒಳಗೆ ಬರ್ರಿ ಎನ್ನುವಂತಿಲ್ಲ, ಹೊರಗೆ ನಿಲ್ಲಿಸುವಂತಿಲ್ಲ. ಕೊನೆಗೆ ಕುರ್ಚಿಯೊಂದನ್ನು ಹೊಸ್ತಿಲಿನ ಹತ್ತಿರ ಹಾಕಿಸಿ, ತಾವು ಒಳಗೆ ನಿಂತೇ ಮಾತಾಡಿದರು.

"ಬಾಯಾರ, ರಾಯರ ಮ್ಯಾಲೆ ನನಗ ಭಾಳ ಅಭಿಮಾನರಿ. ಖರೇ ಹೇಳತೇನಿ, ಮೊದಲಿನ ಆರು ಅಧ್ಯಾಯ ಓದೋ ಮಂದಿ ಇಂಗ್ಲಿಷಿನ್ಯಾಗ ಓದತಾರ. ನಮ್ಮ ಹುಬ್ಬಳ್ಳಿ-ಧಾರವಾಡದ್ದು ಇದ್ರ ನಮ್ಮ ಮಂದಿ ಕೊಳ್ಳತಾರ. ಆ ಏಳನೇದು ಇಲ್ಲದ ಪುಸ್ತಕ ನನಗ ಬ್ಯಾಡ."

"ಅದನ್ನ ಯಾರು ಬರೀಬೇಕ್ರಿ?"

"ಯಾರರ ಬರೀಲಿ. ದಸರಾ ಮಾನೌಮಿಯೊಳಗ ನನ್ನ ಕೈಯಾಗ ಇರಲಿ. ಇಲ್ಲಾಂದ್ರ ಕಾಗದೆಲ್ಲಾ ತಿರುಗಿ ಕೊಟ್ಟಬಿಡತೇನಿ."

ತಿರುಗಿ ಕೊಟ್ಟರೆ ಅದೂ ರದ್ದಿಯವನ ತಕ್ಕಡಿಗೇ ಹೋಗುತ್ತದೆ. ಎಂಟು ವರ್ಷ, ಅವರ ಕಣ್ಣು, ನನ್ನ ಬೆರಳು. ನಾನೇ ಬರೆಯುತ್ತೇನೆ ಎಂದು ಹೇಳಿ ಬಂದೆ. ಧೈರ್ಯದಿಂದ ಹೇಳಿದ್ದಲ್ಲ. ರೈಲಿಗೆ ಹೊತ್ತಾಗುತ್ತಿತ್ತು.

೩ ಆಗಸ್ಟ್, ಬುಧವಾರ

ನೋಡಿದ ಒಂದು ಸಿನೆಮಾದಿಂದಲೇ ಶುರುಮಾಡುವುದು ಎಂದು ಕೂತೆ. ನೆನಪಿದ್ದಷ್ಟನ್ನು ಇಲ್ಲಿ ಮೊದಲು ಹಾಕುತ್ತೇನೆ.

ಮದುವೆಯಾದ ಮರುವರ್ಷ. ನನಗೆ ಹದಿನೈದು. ಹುಬ್ಬಳ್ಳಿಯ ಬಯಲಿನಲ್ಲಿ ಡೇರೆ ಹಾಕಿದ್ದರು. ಅವರು, ಅತ್ತೆಯವರು, ನಾನು, ಆಗಿನ್ನೂ ಚಿಕ್ಕವನಾಗಿದ್ದ ಪಂಢರಿನಾಥ, ಇಷ್ಟು ಜನ ಹೋದೆವು. ಗಂಡಸರ ಬಾಗಿಲು ಒಂದು ಕಡೆ. ಹೆಂಗಸರು ಡೇರೆಯನ್ನು ಸುತ್ತುಹಾಕಿ, ಬಟ್ಟೆಯ ಮರೆಯೊಳಗಿಂದ ಬೇರೆ ಬಾಗಿಲಿಗೆ ಹೋಗಬೇಕು. ಒಳಗೆ ಕತ್ತಲೆ, ಕೆಳಗೆ ಚಾಪೆ. ಎದುರಿಗೆ ತೂಗಿಬಿಟ್ಟ ದೊಡ್ಡ ಬಟ್ಟೆ, ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಬಟ್ಟೆಯ ಆಚೆಯಿಂದ ಬೆಳಕು ಬಿದ್ದು ಚಿತ್ರ ಮೂಡಿತು. ನನಗೆ ಆಶ್ಚರ್ಯವಾಗಲಿಲ್ಲ. ತವರೂರು ಅಮ್ಮಿನಬಾವಿಯಲ್ಲಿ ತೊಗಲುಗೊಂಬೆ ಆಟ ನೋಡಿದವಳು ನಾನು, ಅಲ್ಲಿಯೂ ದೀಪ ಪರದೆಯ ಆಚೆಗೇ ಇರುತ್ತದೆ. ನಡುನಡುವೆ ಅಕ್ಷರ ಬರುತ್ತಿದ್ದವು. ನನಗೆ ಆಗ ಕನ್ನಡವಷ್ಟೇ ಓದಲು ಬರುತ್ತಿತ್ತು, ಇವು ಇಂಗ್ಲಿಷ್ ಇರಬೇಕು ಎಂದುಕೊಂಡೆ. ಯಾರೋ ಒಬ್ಬ ಗಂಡಸರ ಕಡೆಯಿಂದ ಗಟ್ಟಿಯಾಗಿ ಅರ್ಥ ಹೇಳುತ್ತಿದ್ದ.

ಒಬ್ಬ ರಾಜ ಬೇಟೆಗೆ ಹೋಗಿ ಕಾಡಿನಲ್ಲಿ ದಾರಿ ತಪ್ಪುತ್ತಾನೆ. ಬೇಡನ ಹೆಂಡತಿ ಎಲೆ ಹಾಕಿ ಬಡಿಸುತ್ತಾಳೆ. ರಾಜ ಎಡಗೈಯಲ್ಲಿ ತುತ್ತು ಕಲಸಿ ಉಂಡ.

ಚಾಪೆಯ ಮೇಲೆ ಗುಸುಗುಸು ಎದ್ದಿತು. ಬಲಗೈಗೆ ಗಾಯವಾಗಿರಬೇಕು ಎಂದು ಯಾರೋ ಸಮಾಧಾನ ಹೇಳಿದರು. ಆದರೆ ಅರಮನೆಗೆ ಮರಳಿದ ರಾಜ ಮಗನ ಹಣೆಗೆ ತಿಲಕವನ್ನೂ ಎಡಗೈಯಿಂದಲೇ ಇಟ್ಟ, ದಾನವನ್ನೂ ಎಡಗೈಯಿಂದಲೇ ಕೊಟ್ಟ. ಬ್ರಾಹ್ಮಣರು ಎಡಗೈ ಒಡ್ಡಿ ತೆಗೆದುಕೊಂಡರು. ಅತ್ತೆಯವರು ಸೆರಗಿನಿಂದ ಮುಖ ಮುಚ್ಚಿಕೊಂಡವರು ಚಿತ್ರ ಮುಗಿಯುವ ತನಕ ತೆಗೆಯಲಿಲ್ಲ.

ಮನೆಗೆ ಬಂದ ಮೇಲೆ ಮಗನಿಗೆ, "ನನಗ ಕಣ್ಣು ಉರೀತಾವಪಾ, ಇನ್ನ ನಾವು ಬರೂದಿಲ್ಲ" ಎಂದಷ್ಟೇ ಹೇಳಿದರು. ಅಡುಗೆಮನೆಗೆ ಬಂದು ನನಗೆ ಹೇಳಿದ್ದು ಬೇರೆ: "ಗೋದಾ, ಅದು ಆಚಾರ ಇಲ್ಲದವರ ಆಟ. ಉಣ್ಣೂದಕ್ಕ ಒಂದು ಕೈ, ತೊಳಕೊಳ್ಳೂದಕ್ಕ ಒಂದು ಕೈ ಅನ್ನೂದ ಗೊತ್ತಿಲ್ಲ ಅವರಿಗೆ. ನಮ್ಮ ಮನಿ ಹೆಣ್ಣುಮಕ್ಕಳು ಅಲ್ಲೆ ಹೋಗಬಾರದು. ಗಂಡಸರ ಮುಂದ ಇದೆಲ್ಲಾ ಆಡಬ್ಯಾಡ, ಅಸಹ್ಯ."

ನಾನು ಆಡಲಿಲ್ಲ, ಹೋಗಲೂ ಇಲ್ಲ. ಅತ್ತೆಯವರು ತೀರಿಕೊಂಡ ಮೇಲೆ ಅವರು ಒಮ್ಮೊಮ್ಮೆ "ಬರ್ತೀಯೇನು?" ಎಂದು ಕೇಳುತ್ತಿದ್ದರು. "ಒಲ್ಲೆರಿ, ನೀವು ಹೋಗಿ ಬರ್ರಿ" ಎನ್ನುತ್ತಿದ್ದೆ. ರೂಢಿಯಾಗಿಬಿಟ್ಟಿತ್ತು. ಅವರು ಹೋಗಿ ಬರುತ್ತಿದ್ದರು.

೧೦ ಆಗಸ್ಟ್, ಬುಧವಾರ

ಹನ್ನೊಂದು ಪುಟ ಆಯಿತು. ಅವರ ಟಿಪ್ಪಣಿಯಲ್ಲಿ ಆ ಚಿತ್ರದ ಸಂಗತಿಯೂ ಇದೆ. ನೋಡಿದರೆ ತಪ್ಪೇ ತಪ್ಪು. ಆನೆ ಬಲಗಡೆಯಿಂದ ಬರುತ್ತದೆ ಎಂದು ಬರೆದಿದ್ದಾರೆ, ನಾನು ನೋಡಿದಾಗ ಅದು ಎಡಗಡೆಯಿಂದ ಬಂದಿತ್ತು. ಚಿತ್ರ ಪುಣೆಯ ಕಂಪನಿಯದು ಎಂದಿದ್ದಾರೆ. ರಾಣಿಯ ಸೆರಗು ಬಲ ಹೆಗಲ ಮೇಲಿತ್ತು. ಹಾಗೆ ಹೊದೆಯುವವರು ಗುಜರಾತದವರು. ಹೆಗಲ ಮೇಲಿನ ಸೆರಗು ಗಂಡಸರ ಕಣ್ಣಿಗೆ ಎಲ್ಲಿ ಬೀಳಬೇಕು? ಅವರಿಗೆ ಮೊದಲಿನಿಂದಲೂ ಎಡಬಲದ ಗೊಂದಲವಿತ್ತು, ಎಷ್ಟೋ ಸಲ ಕಾಲಿನ ಜೋಡು ಅದಲುಬದಲು ಹಾಕಿಕೊಂಡು ಪಾಠ ಹೇಳಲು ಸಾಲೆಗೆ ಹೋದವರು. ಹೊಡೆದುಹಾಕಿ ತಿದ್ದಿದೆ.

ಒಂದು ಅಡಿಟಿಪ್ಪಣಿಯನ್ನೂ ಸೇರಿಸಿದೆ: 'ಯೂರೋಪಿನಲ್ಲಿ ಬೆಳಕಿನ ಯಂತ್ರವನ್ನು ಪ್ರೇಕ್ಷಕರ ಹಿಂದೆ ಇಡುವ ಪದ್ಧತಿ. ನಮ್ಮ ಕಡೆ ಪರದೆಯ ಹಿಂದೆ ಇಡುತ್ತಿದ್ದರು.' ಚರಿತ್ರೆಕಾರರ ಮಾತಿನ ಹಾಗೆಯೇ ಕೇಳಿಸುತ್ತದೆ.

೧೯ ಆಗಸ್ಟ್, ಶುಕ್ರವಾರ

ಲಕ್ಕಪ್ಪನವರು ಹೊಸ್ತಿಲೊಳಗೆ ನಿಂತು ಓದಿದರು. ಮೂರನೆಯ ಪುಟಕ್ಕೆ ಬಂದಾಗ ಅವರ ಹೊಟ್ಟೆ ಕುಣಿಯಲು ಶುರುವಾಯಿತು. ಅಡಿಟಿಪ್ಪಣಿ ಬರುವಷ್ಟರಲ್ಲಿ ಗೋಡೆಗೆ ಕೈಕೊಟ್ಟು ನಕ್ಕರು.

"ಬಾಯಾರ, ಸಿಟ್ಟಾಗಬ್ಯಾಡ್ರಿ. ರಾಜಾ ಎಡಗೈಲೆ ಉಂಡಾನ ಅಂತ ಛಾಪಿಸಿದ್ರ ಮಂದಿ ನನ್ನ ಮಾರಿಗೆ ಒಗೀತಾರ. ಆ ಚಿತ್ರ ನಾನೂ ನೋಡೇನ್ರಿ. ಬಲಗೈಲೇ ಉಂಡಾನ."

"ನಾನು ಕಣ್ಣಾರೆ ನೋಡೇನ್ರಿ."

"ನಾನೇನು ಕಣ್ಣು ಮುಚಗೊಂಡು ನೋಡೇನೇನ್ರಿ?"

ಅವರ ಕೈಯಿಂದ ಹಾಳೆಗಳನ್ನು ಕಿತ್ತುಕೊಂಡೆ. ಸಿಟ್ಟು ಎಂದರೆ ಇದೇ ಇರಬೇಕು, ಬಹಳ ದಿನದ ಮೇಲೆ ಬಂದದ್ದರಿಂದ ಗುರುತು ಹತ್ತಲು ಹೊತ್ತು ಹಿಡಿಯಿತು. ಲಕ್ಕಪ್ಪನವರು ಕಣ್ಣು ಒರೆಸಿಕೊಂಡು, "ಆ ಡೇರೆದಾಗ ಹೆಂಗಸರ ಬಾಗಲಾ ನೋಡಕೋತಿದ್ದ ಮೌಲಾಬಿ ಹಳೇ ಹುಬ್ಬಳ್ಳ್ಯಾಗ ಅದಾಳರಿ. ಆಕಿನ್ನ ಕೇಳ್ರಿ, ಆಕಿ ದಿನಾ ನೋಡಿದಾಕಿ" ಎಂದರು.

ಕೇಳಿಯೇ ಬರುತ್ತೇನೆ ಎಂದು ನಡೆದೇ ಹೋದೆ.

ಮೌಲಾಬಿ ಬಾಗಿಲಲ್ಲಿ ಕಾಲು ಚಾಚಿ ಕೂತು ಕೌದಿ ಹೊಲಿಯುತ್ತಿದ್ದಳು. ನಾನು ಯಾರು, ಯಾಕೆ ಬಂದೆ ಎಂದು ಹೇಳಿದೆ. ಆ ರಾಜ ಆಕೆಗೆ ಚೆನ್ನಾಗಿ ನೆನಪಿದ್ದ.

"ಯಾವ ಕೈಲೆ ಉಂಡ ಮೌಲಾಬಿ, ಖರೇ ಹೇಳು."

"ನಮ್ಮ ಕಡಿಂದ ಎಡಗೈರಿ."

"ನಮ್ಮ ಕಡಿಂದ ಅಂದ್ರ?"

"ಹೆಂಗಸರ ಕಡಿಂದ್ರಿ ಬಾಯಾರ. ಗಂಡಸರು ಪರದಿ ಮುಂದ, ಹೆಂಗಸರು ಪರದಿ ಹಿಂದ. ಮಿಷನ್ನು ಗಂಡಸರ ಬೆನ್ನ ಹಿಂದ ಇರತಿತ್ತು. ಬಟ್ಟಿ ಒಣಗಿದ್ರ ನಮಗ ಏನೂ ಕಾಣತಿದ್ದಿಲ್ಲ, ಅದಕ್ಕ ನಾನು ನೀರ ಹೊಡಕೋತ ನಿಂದ್ರತಿದ್ದೆ." ತಲೆಯ ಮೇಲಿನ ತೆಳು ಸೆರಗನ್ನು ಬೆಳಕಿಗೆ ಹಿಡಿದು ಆಚೆಯಿಂದ ಬಲಗೈ ಎತ್ತಿದಳು. "ನೋಡ್ರಿ, ನಿಮಗ ಯಾವ ಕಡಿ ಕಾಣತೈತಿ?"

ಆಕೆಯ ಬಲಗಡೆಯ ಕೈ ನನಗೆ ಎಡಗಡೆ ಕಂಡಿತು; ಪರದೆಯ ಹಿಂದಿನಿಂದ ನೋಡಿದರೆ ಎಲ್ಲವೂ ತಿರುಗುಮುರುಗು.

"ನಿಮಗ ಯಾರೂ ಹೇಳಿದ್ದಿಲ್ಲೇನ್ರಿ?" ಎಂದಳು. ನನಗೆ ಹೇಳಬೇಕಾದವರಿಗೆ ನಾನು ಏನನ್ನೂ ಹೇಳಿರಲಿಲ್ಲ. ಅದನ್ನು ಆಕೆಗೆ ಹೇಗೆ ತಿಳಿಸುವುದು? ಮೌಲಾಬಿ ಕೊಟ್ಟ ಬಾಳೆಹಣ್ಣು ತೆಗೆದುಕೊಂಡು ಬಂದೆ.

೨೦ ಆಗಸ್ಟ್, ಶನಿವಾರ

ನಿನ್ನೆ ರೈಲು ಉಣಕಲ್ ದಾಟುವಾಗ ನಗು ಬಂತು. ತಿಲಕ ಇಟ್ಟ ಕೈ ನೆನಪಾಯಿತು, ದಾನ ತೆಗೆದುಕೊಂಡ ಬ್ರಾಹ್ಮಣರು ನೆನಪಾದರು, ಸೆರಗಿನೊಳಗಿನ ಅತ್ತೆಯವರು ನೆನಪಾದರು. ತಡೆಯಲು ಹೋದಷ್ಟೂ ಹೆಚ್ಚಾಯಿತು. ಪಕ್ಕದವಳು ಬುಟ್ಟಿಯನ್ನು ಆಚೆ ಸರಿಸಿಕೊಂಡಳು.

ಮನೆಗೆ ಬಂದ ಮೇಲೆ ನಗು ಬರಲಿಲ್ಲ. ನಮ್ಮವರು ಒಮ್ಮೆ "ಯಾಕ ಒಲ್ಲೆ?" ಎಂದು ಕೇಳಿದ್ದರೆ, ನಾನು ಎಡಗೈಯ ಮಾತು ಎತ್ತಿದ್ದರೆ, ಒಂದೇ ಮಾತಿನಲ್ಲಿ ಬಿಡಿಸಿ ಹೇಳಿಬಿಡುತ್ತಿದ್ದರು. ಅವರು ಕೇಳಲಿಲ್ಲ. ನನಗೆ ಸಿನೆಮಾ ಸೇರುವುದಿಲ್ಲ ಎಂದುಕೊಂಡರು. ನಾನು ಹೇಳಲಿಲ್ಲ. ಎಷ್ಟೊಂದು ಚಿತ್ರ ಬಂದವು, ಹೋದವು. ಅವರ ಪಕ್ಕದ ಜಾಗದಲ್ಲಿ ಪ್ರತಿ ಸಲವೂ ಯಾರೋ ಗುರುತಿಲ್ಲದವರು ಕೂತಿದ್ದರು.

ಏನೂ ಅನ್ನಿಸಲಿಲ್ಲ ಎಂದು ಬರೆಯಲು ಹೊರಟಿದ್ದೆ. ಅದು ಸುಳ್ಳು. ಆದರೆ ಏನನ್ನಿಸಿತು ಎಂಬುದೂ ಗೊತ್ತಾಗಲಿಲ್ಲ.

೨೪ ಆಗಸ್ಟ್, ಬುಧವಾರ

ತಲೆನೋವು. ಒಲೆ ಹಚ್ಚಲಿಲ್ಲ.

೨ ಸೆಪ್ಟೆಂಬರ್, ಶುಕ್ರವಾರ

ಹೊಡೆದುಹಾಕಿದ್ದ ಅವರ ಸಾಲುಗಳನ್ನು ಮತ್ತೆ ಬರೆದೆ. ಆನೆ ಬಲಗಡೆಯಿಂದ. ಕಂಪನಿ ಪುಣೆಯದು.

ಸಿನೆಮಾ ನೋಡಿ ಬಂದ ದಿನ ಅವರು ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಪೂರ್ತಿ ಕಥೆ ಹೇಳುತ್ತಿದ್ದರು. ಕತ್ತಿ ವರಸೆಗೆ ಸೌಟು ಕೇಳುತ್ತಿದ್ದರು. ಮಾತಾಡುವ ಬೋಲಪಟ ಬಂದ ಮೇಲೆ ಪಾತ್ರಗಳ ಮಾತನ್ನೂ ಆಡಿ ತೋರಿಸುತ್ತಿದ್ದರು, ಹೆಣ್ಣಿನ ದನಿ ತೆಗೆದಾಗ ಕೆಮ್ಮು ಬರುತ್ತಿತ್ತು. ನಾನು ಬದನೆಕಾಯಿ ಹೆಚ್ಚುತ್ತ ಹೂಂಗುಡುತ್ತಿದ್ದೆ. ಯಾವ ಕಥೆ ಯಾವ ಚಿತ್ರದ್ದು ಎಂದು ಈಗ ಬೇರೆ ಮಾಡಲು ಬರುವುದಿಲ್ಲ. ಆದರೆ ಇವತ್ತು ಎಣಿಸುತ್ತ ಹೋದರೆ ಬಹಳ ಚಿತ್ರಗಳು ನನಗೆ ಗೊತ್ತಿವೆ. ಎಲ್ಲದರಲ್ಲೂ ನಾಯಕನ ಕೈಯಲ್ಲಿ ಸೌಟಿದೆ.

ಇದನ್ನು ಅಧ್ಯಾಯದಲ್ಲಿ ಹಾಕುವಂತಿಲ್ಲ.

೧೧ ಸೆಪ್ಟೆಂಬರ್, ಭಾನುವಾರ

ಲಕ್ಕಪ್ಪನವರು ಹೇಳಿಕಳಿಸಿದ್ದರು: ಎಡಗೈಯನ್ನು ಬಲಗೈ ಮಾಡಿ ಕೊಟ್ಟರೆ ಸಾಕು, ಉಳಿದದ್ದು ಚೆನ್ನಾಗಿದೆ, ಅಚ್ಚಿಗೆ ಹಾಕುತ್ತೇನೆ.

ಒಂದು ಪದ ತಿದ್ದಿದರೆ ಮುಗಿಯಿತು. ಲೆಕ್ಕಣಿಕೆ ಎತ್ತಿದೆ, ಆಗಲಿಲ್ಲ. ಅರ್ಧ ಊರು ಬಲಗೈ ನೋಡಿತು, ಅರ್ಧ ಊರು ಎಡಗೈ ನೋಡಿತು. ನಮ್ಮವರು ತರಿಸಿದ ಇಂಗ್ಲಿಷ್ ಪುಸ್ತಕಗಳನ್ನೆಲ್ಲ ಮತ್ತೆ ತೆಗೆದು ಶಬ್ದಕೋಶ ಇಟ್ಟುಕೊಂಡು ಹುಡುಕಿದೆ. ಪರದೆಯ ಹಿಂದೆ ಕೂತವರ ಬಗ್ಗೆ ಒಬ್ಬನೂ ಒಂದು ಸಾಲು ಬರೆದಿಲ್ಲ. ಬರೆದವರೆಲ್ಲ ಮುಂದೆ ಕೂತವರು.

ನಡುವೆ ಎರಡು ಸಲ ಮೌಲಾಬಿಯ ಕಡೆ ಹೋಗಿ ಬಂದೆ. ಆಕೆ ಓಣಿಯ ಹೆಂಗಸರನ್ನು ಕರೆದಳು. ಗುಲ್ಜಾರಬಿ ಎಂಬ ಮುದುಕಿ, ಸಿನೆಮಾದ ಮಂದಿಯೆಲ್ಲ ಹುಟ್ಟಾ ಎಡಚರು ಎಂದೇ ಇಲ್ಲಿಯ ತನಕ ತಿಳಿದಿದ್ದಳಂತೆ. ಇನ್ನೊಬ್ಬಳು, ಅದು ದೇವಲೋಕದ ಪದ್ಧತಿ ಎಂದುಕೊಂಡಿದ್ದಳಂತೆ. ಬರೆದುಕೊಳ್ಳುತ್ತ ಕೂತು ರೈಲು ತಪ್ಪಿತು. ಮನೆಗೆ ಬಂದರೆ ಹಾಲು ಒಡೆದಿತ್ತು. ಮೂರು ರೊಟ್ಟಿ ತಿಂದೆ.

೨೦ ಸೆಪ್ಟೆಂಬರ್, ಮಂಗಳವಾರ

ಹೊಸದಾಗಿ ಬರೆದ ಅಧ್ಯಾಯವನ್ನು ಲಕ್ಕಪ್ಪನವರಿಗೆ ಕೊಟ್ಟೆ. ಅದರಲ್ಲಿ ಎರಡೂ ಇವೆ. ಮೊದಲು ಪರದೆಯ ಮುಂದಿನವರು ಕಂಡ ಚಿತ್ರ, ಅದು ನಮ್ಮವರ ಮಾತಿನಲ್ಲಿ. ಆಮೇಲೆ ಪರದೆಯ ಹಿಂದಿನವರು ಕಂಡ ಅದೇ ಚಿತ್ರ. ಎಡಗೈಯನ್ನು ನೋಡಿ ಅಸಹ್ಯಪಟ್ಟು, ಮನೆಯ ಸೊಸೆಯನ್ನು ಮತ್ತೆಂದೂ ಸಿನೆಮಾಕ್ಕೆ ಬಿಡದ ಒಬ್ಬ ಅತ್ತೆಯ ಕಥೆಯೂ ಇದೆ. ಹೆಸರು ಹಾಕಿಲ್ಲ.

ಅವರು ತಕರಾರು ತೆಗೆಯುತ್ತಾರೆ ಎಂದು ಉತ್ತರ ಹೊಂದಿಸಿಕೊಂಡು ಹೋಗಿದ್ದೆ. ಅದರ ಕೆಲಸವೇ ಬೀಳಲಿಲ್ಲ.

"ಹ್ವಾದ ಸಲ ನೀವು ಹ್ವಾದ ಮ್ಯಾಲೆ ಮನ್ಯಾಗ ಇದನ್ನ ಹೇಳಿ ನಕ್ಕೆರಿ ಬಾಯಾರ. ನಮ್ಮ ಮನಿಯಾಕಿ ನಗಲಿಲ್ಲ. 'ಎಡಗೈಲೇ ಉಂಡಾನ, ನಾನೂ ನೋಡೇನಿ' ಅಂದ್ಲು. ಇಷ್ಟು ವರ್ಷ ಜೋಡಿ ಇದ್ದು ಒಬ್ಬರಿಗೊಬ್ಬರು ಕೇಳೇ ಇಲ್ಲ ನೋಡ್ರಿ." ಹಾಳೆಗಳನ್ನು ಜೋಡಿಸಿಟ್ಟು, "ಇದು ಹಿಂಗ ಇರಲಿ" ಎಂದರು.

ಮೊದಲ ಅಧ್ಯಾಯದ ಅಚ್ಚಿನ ಕರಡು ಕೊಟ್ಟರು. ತಪ್ಪುಗಳ ಸುಗ್ಗಿ. ಹೊಸ್ತಿಲ ಕುರ್ಚಿಯಲ್ಲಿ ಬೆಳಕು ಸಾಲದು ಎಂದು ಒಳಗೆ ಕಿಟಕಿಯ ಹತ್ತಿರ ಎಳೆಸಿಕೊಂಡು ತಿದ್ದಿದೆ. ವಾರಕ್ಕೆ ಎರಡು ಸಲ ಬಂದು ಉಳಿದ ಕೆಲಸವನ್ನೂ ನೋಡಲು ಆಗುತ್ತದೆಯೇ ಎಂದು ಕೇಳಿದರು. ಹೋಗಿ ಬರುವುದೇ ದಂಡ ಎಂದೆ. ಹುಬ್ಬಳ್ಳಿಯಲ್ಲೇ ಇದ್ದರೆ ಬೇರೆ ಮಾತು.

೨ ಅಕ್ಟೋಬರ್, ಭಾನುವಾರ

ಬೆಳಿಗ್ಗೆ ಪಂಢರಿನಾಥ ರದ್ದಿಯವನನ್ನು ಕರೆದುಕೊಂಡೇ ಬಂದ. ರದ್ದಿಯವನು ತಕ್ಕಡಿ ಇಳಿಸಿ ಕಟ್ಟೆಯ ಮೇಲೆ ಕೂತ.

"ಪುಸ್ತಕ ಬಂದರ ನಾ ಬರ್ತೀನಿ" ಎಂದೆ. "ಕಪಾಟು ನಿಮ್ಮ ಪಡಸಾಲ್ಯಾಗ ಇಡೋಣ. ಜಾಗಾ ಸಾಲದಿದ್ದರ ನಾ ಅಡಗಿಮನ್ಯಾಗ ಮಲಗತೀನಿ."

"ವೈನಿ, ಅದರ ಮಾತು ಆಮ್ಯಾಲೆ. ಲಕ್ಕಪ್ಪನವರು ಸಿಕ್ಕಿದ್ದರು. ನೀವು ಅವ್ವನ ಬಗ್ಗೆ ಏನೋ ಬರದೀರಂತ? ಅವ್ವ ಹೋಗಿ ಐದು ವರ್ಷ ಆತು. ಊರ ಮಂದಿ ನಗಬೇಕೇನು? ಅದನ್ನ ತಗದುಬಿಡ್ರಿ."

ನನ್ನ ಹತ್ತಿರ ಉಳಿದಿದ್ದ ಪ್ರತಿಯನ್ನು ಅವನ ಕೈಯಲ್ಲಿಟ್ಟೆ. ಓದಿ ಆಮೇಲೆ ಹೇಳು ಎಂದೆ. ಅವನು ಓದಿದ ಮೇಲೂ ತೆಗೆ ಎಂದಿದ್ದರೆ ನಾನು ತೆಗೆಯುತ್ತಿರಲಿಲ್ಲ. ಹಾಗಾದರೆ ಅವನ ಮನೆಗೆ ಹೋಗುವ ದಾರಿಯೂ ಮುಚ್ಚುತ್ತಿತ್ತು. ಅದು ಗೊತ್ತಿದ್ದೇ ಕೊಟ್ಟೆ.

ನಿಧಾನವಾಗಿ ಓದಿದ. ನಾನು ಚಹಾ ಇಟ್ಟೆ. ಲೋಟ ತಂದಾಗಲೂ ಕೊನೆಯ ಹಾಳೆಯನ್ನು ಹಿಡಿದುಕೊಂಡೇ ಇದ್ದ.

"ಅವ್ವಗ ಇದು ತಿಳೀಲೇ ಇಲ್ಲ" ಎಂದ.

"ನನಗೂ ಈಗ ತಿಳೀತು."

"ನೀವು ಪರದಿ ಹಿಂದ ಕೂತದ್ದು ಅಣ್ಣಗ ಗೊತ್ತಿತ್ತು ವೈನಿ."

ಲೋಟ ಕೆಳಗಿಟ್ಟೆ. ಅವನು ನನ್ನ ಕಡೆ ನೋಡದೆ ಹೇಳಿದ.

"ನಾ ಸಣ್ಣಾಂವ. ಕತ್ತಲ್ಯಾಗ ಅಂಜಿಕಿ ಬಂತು. 'ವೈನಿ ಎಲ್ಲೆ?' ಅಂತ ಕೇಳಿದೆ. ಅಣ್ಣಾ ಪರದಿ ಕಡೆ ಬೆರಳು ಮಾಡಿ, 'ಅಲ್ಲೆ, ನಮ್ಮ ಎದುರಿಗೇ ಕೂತಾಳ' ಅಂದ. ನಾ ನೋಡಿದರ ಅಲ್ಲೆ ಕಾಡು, ಆನಿ, ರಾಜಾ. ವೈನಿ ಚಿತ್ರದೊಳಗ ಹೋಗಿಬಿಟ್ಟಾರ ಅಂತ ತಿಳಕೊಂಡು ಅಳಲಿಕ್ಕೆ ಶುರು ಮಾಡಿದೆ."

"ಆಮ್ಯಾಲೆ?"

"ಅಣ್ಣಾ ನನ್ನ ತೊಡಿ ಮ್ಯಾಲೆ ಕೂಡಿಸಿಕೊಂಡ. 'ಅಳಬ್ಯಾಡೋ, ಮುಗದ ಮ್ಯಾಲೆ ಬರ್ತಾಳ. ನಾನೂ ಆಕಿ ಕಡೆನ ನೋಡಲಿಕ್ಕೆ ಹತ್ತೇನಿ' ಅಂದ."

ಎದ್ದು ಅಡುಗೆಮನೆಗೆ ಹೋದೆ. ಒಲೆಯ ಮುಂದೆ ಕೂತೆ. ಅಳು ಎಲ್ಲಿಂದ ಬಂತೋ ತಿಳಿಯದು, ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲಲಿಲ್ಲ. ಅಷ್ಟು ಹೊತ್ತೂ ನಾವು ಎದುರುಬದುರು ಕೂತಿದ್ದೆವು. ನಡುವೆ ಒಂದು ಒದ್ದೆ ಬಟ್ಟೆ ಇತ್ತು. ನಾನು ರಾಜನ ಕೈ ನೋಡುತ್ತಿದ್ದೆ.

ಹೊರಗೆ ಪಂಢರಿನಾಥ ರದ್ದಿಯವನಿಗೆ, "ಹೋಗಿಬಿಡಪಾ, ಏನೂ ಕೊಡೂದಿಲ್ಲ" ಎನ್ನುವುದು ಕೇಳಿಸಿತು. ರದ್ದಿಯವನು ಇಷ್ಟು ದೂರ ಸುಮ್ಮನೆ ಬಂದೆನೇ ಎಂದು ಗೊಣಗುತ್ತಿದ್ದ. ನಾನು ಇನ್ನೂ ಅಳುತ್ತಲೇ ಇದ್ದೆ.